ನೋಂದಣಿ ಸಂಖ್ಯೆ 41 ಮತ್ತು ಇಮೇಲ್ ಕಳಿಸುವ ಒಂದು ಸಾಲು

ಬಸವನಗುಡಿಯ ಕಡೆಯ ಒಂದು ಮಕ್ಕಳ ಸಂಸ್ಥೆಯವರು ಪ್ರತಿ ಏಪ್ರಿಲ್‌ನಲ್ಲಿ ನಡೆಸುವ ಬೇಸಿಗೆ ಶಿಬಿರಕ್ಕೆ ನೋಂದಣಿಯ ವೆಬ್ ಅಪ್ಲಿಕೇಶನ್ ಬರೆದುಕೊಟ್ಟವನು ನಾನು. ಶಿಬಿರದ ಮೊದಲ ದಿನ ಬೆಳಗ್ಗೆ ಒಂಬತ್ತೂವರೆಗೆ ಅಲ್ಲಿನ ಕಚೇರಿಯ ಮೇಡಂ ಫೋನ್ ಮಾಡಿದರು. ಒಬ್ಬರು ತಾತ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದಾರೆ, ಕೈಯಲ್ಲಿ ಇಮೇಲ್‌ನ ಪ್ರಿಂಟ್ ಹಿಡಿದಿದ್ದಾರೆ, ಅದರಲ್ಲಿ ‘ನೋಂದಣಿ ಖಚಿತವಾಗಿದೆ, ನೋಂದಣಿ ಸಂಖ್ಯೆ 41’ ಎಂದು ಸ್ಪಷ್ಟವಾಗಿದೆ, ಆದರೆ ಮಣ್ಣಿನ ಕೆಲಸದ ತರಗತಿಯ ಪಟ್ಟಿಯಲ್ಲಿ ಮಗುವಿನ ಹೆಸರೇ ಇಲ್ಲ. “ಮೇಲ್ ನಮ್ಮ ಸಿಸ್ಟಂನಿಂದಲೇ ಹೋಗಿದೆ ಅಲ್ವಾ ಸರ್? ಮತ್ತೆ ಹೆಸರು ಎಲ್ಲಿ ಹೋಯ್ತು?” ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಡೇಟಾಬೇಸ್ ತೆರೆದು ನೋಡಿದೆ. 40 ಇತ್ತು, 42 ಇತ್ತು, 41 ಇರಲಿಲ್ಲ. ಯಾರೋ ಅಳಿಸಿದರು ಎನ್ನುವುದಕ್ಕೆ ಗುರುತೂ ಇರಲಿಲ್ಲ.

ಮೇಡಂ ಆ ಮಗುವನ್ನು ಇಪ್ಪತ್ತೈದು ಮಕ್ಕಳ ತರಗತಿಗೆ ಇಪ್ಪತ್ತಾರನೆಯವಳಾಗಿ ಸೇರಿಸಿಕೊಂಡರು. ಅಲ್ಲಿಗೆ ಸಂಸ್ಥೆಯ ಮಟ್ಟಿಗೆ ವಿಷಯ ಮುಗಿಯಿತು. ನನ್ನ ಮಟ್ಟಿಗೆ ಅದು ಆಗಷ್ಟೇ ಶುರುವಾಗಿತ್ತು, ಏಕೆಂದರೆ ಅಂದು ಸಂಜೆ ಲಾಗ್‌ಗಳನ್ನು ಓದುತ್ತಾ ಕುಳಿತಾಗ ದೋಷದ ಎಳೆ ಹಿಡಿದು ಬಂದದ್ದು ನಾನು ಹೆಚ್ಚು ಯೋಚನೆಯಿಲ್ಲದೆ ಬರೆದಿದ್ದ ಒಂದೇ ಒಂದು ಸಾಲಿಗೆ. ಇಮೇಲ್ ಕಳಿಸುವ ಸಾಲು ಅದು.

ಆ ಅಪ್ಲಿಕೇಶನ್ ಇರುವುದು ಪೈಥಾನ್ ಭಾಷೆಯ ಜಾಂಗೋ ಎಂಬ ಫ್ರೇಮ್‌ವರ್ಕ್‌ನಲ್ಲಿ, ಅಂದರೆ ವೆಬ್ ಅಪ್ಲಿಕೇಶನ್ ಕಟ್ಟುವ ಸಿದ್ಧ ಚೌಕಟ್ಟಿನಲ್ಲಿ. ಜಾಂಗೋದಲ್ಲಿ ಇಮೇಲ್ ಕಳಿಸಲು ‘ಸೆಂಡ್ ಮೇಲ್’ ಎಂಬ ಸಹಾಯಕ ಫಂಕ್ಷನ್ ಇದೆ. ವಿಷಯ, ಒಕ್ಕಣೆ, ಕಳಿಸುವವರ ವಿಳಾಸ, ಪಡೆಯುವವರ ವಿಳಾಸಗಳ ಪಟ್ಟಿ, ಈ ನಾಲ್ಕನ್ನು ಕೊಟ್ಟರೆ ಸಾಕು, ಅದು ಕೆಲಸ ಮುಗಿಸಿ ಒಂದು ಅಂಕಿಯನ್ನು ಹಿಂತಿರುಗಿಸುತ್ತದೆ. ಅದು ಕಳಿಸುವುದು ಒಂದೇ ಸಂದೇಶವಾದ್ದರಿಂದ ಆ ಅಂಕಿ 0 ಅಥವಾ 1. ರೇಲ್ಸ್‌ನಲ್ಲಿ ಆಕ್ಷನ್ ಮೇಲರ್, ಲಾರವೆಲ್‌ನಲ್ಲಿ ಮೇಲ್, ಫ್ಲಾಸ್ಕ್‌ಗೆ ಫ್ಲಾಸ್ಕ್ ಮೇಲ್, ಹೀಗೆ ಬಹುತೇಕ ಫ್ರೇಮ್‌ವರ್ಕ್‌ಗಳಲ್ಲೂ ಇದಕ್ಕೆ ಅಣ್ಣತಮ್ಮಂದಿರಿದ್ದಾರೆ. ಈ ಫಂಕ್ಷನ್‌ಗಳ ಸೊಗಸು ಇರುವುದೇ ಅವುಗಳ ಸರಳತೆಯಲ್ಲಿ. ಎರಡು ಸಂಖ್ಯೆ ಕೂಡಿಸುವ ಫಂಕ್ಷನ್ ಕರೆದಷ್ಟೇ ಸಲೀಸಾಗಿ ಕರೆಯಬಹುದು. ನಾನು ಎಡವಿದ್ದೂ ಅಲ್ಲಿಯೇ. ಸಂಖ್ಯೆ ಕೂಡಿಸುವ ಕೆಲಸ ನಮ್ಮ ಯಂತ್ರದೊಳಗೆ ನಡೆದು ಮುಗಿಯುತ್ತದೆ, ಇಮೇಲ್ ಕಳಿಸುವ ಸಾಲಿನೊಳಗೆ ಮಾತ್ರ ಎಲ್ಲೋ ದೂರದ ಇನ್ನೊಂದು ಯಂತ್ರದ ಜೊತೆ ಸರದಿಯ ಮೇಲೆ ನಡೆಯುವ ಸಂಭಾಷಣೆಯೊಂದು ಅಡಗಿದೆ.

ಆ ಸಂಭಾಷಣೆಯ ಭಾಷೆಗೆ ಎಸ್‌ಎಂಟಿಪಿ ಎಂದು ಹೆಸರು. ಜಾನ್ ಪೋಸ್ಟೆಲ್ 1982ರ ಆಗಸ್ಟ್‌ನಲ್ಲಿ ಬರೆದ ಆರ್‌ಎಫ್‌ಸಿ 821 (ಆರ್‌ಎಫ್‌ಸಿ ಎಂದರೆ ಇಂಟರ್ನೆಟ್‌ನ ನಿಯಮಗಳನ್ನು ಬರೆದಿಡುವ ದಾಖಲೆಗಳ ಸರಣಿ) ಅದರ ಮೂಲ ದಾಖಲೆ, 2008ರಲ್ಲಿ ಅದು ಆರ್‌ಎಫ್‌ಸಿ 5321 ಎಂಬ ಪರಿಷ್ಕೃತ ರೂಪ ಪಡೆಯಿತು. ಪೈಥಾನ್‌ನ ಎಸ್‌ಎಂಟಿಪಿ ಲೈಬ್ರರಿಯಲ್ಲಿ ಡಿಬಗ್ ಮಟ್ಟವನ್ನು 1ಕ್ಕೆ ಇಟ್ಟರೆ ಈ ಮಾತುಕತೆಯನ್ನು ಕಣ್ಣಾರೆ ನೋಡಬಹುದು, ವೆಬ್ ಕೆಲಸ ಮಾಡುವ ಪ್ರತಿಯೊಬ್ಬರೂ ಒಮ್ಮೆಯಾದರೂ ನೋಡಬೇಕು ಎಂದು ನನ್ನ ಆಸೆ. ನಮ್ಮ ಯಂತ್ರ ಮೊದಲು ತನ್ನ ಹೆಸರು ಹೇಳಿ ಪರಿಚಯ ಮಾಡಿಕೊಳ್ಳುತ್ತದೆ, ಆ ಕಡೆಯ ಸರ್ವರ್ 250 ಎಂದು ಒಪ್ಪುತ್ತದೆ. ‘ಮೇಲ್ ಫ್ರಮ್’ ಎಂದು ಯಾರ ಕಡೆಯಿಂದ ಎಂಬುದನ್ನು ಹೇಳಿದಾಗ ಮತ್ತೊಂದು 250, ‘ಆರ್‌ಸಿಪಿಟಿ ಟು’ ಎಂದು ಪಡೆಯುವವರ ವಿಳಾಸ ಹೇಳಿದಾಗ ಇನ್ನೊಂದು. ‘ಡೇಟಾ’ ಎಂದಾಗ 354 ಬರುತ್ತದೆ, ಅಂದರೆ ‘ಹೇಳು, ಬರೆದುಕೊಳ್ಳುತ್ತೇನೆ’ ಎಂದು. ಆಮೇಲೆ ಇಡೀ ಪತ್ರ ಸಾಲು ಸಾಲಾಗಿ ಹೋಗಿ, ಕೊನೆಗೆ ಒಂದು ಚುಕ್ಕೆ ಮಾತ್ರ ಇರುವ ಸಾಲು ಬಂದಾಗ ಪತ್ರ ಮುಗಿಯಿತು ಎಂದು ಅರ್ಥ. ಪತ್ರದೊಳಗಿನ ಯಾವುದಾದರೂ ಸಾಲು ಚುಕ್ಕೆಯಿಂದಲೇ ಶುರುವಾದರೆ ಗೊಂದಲವಾಗದಿರಲಿ ಎಂದು ಅದರ ಮುಂದೆ ಇನ್ನೊಂದು ಚುಕ್ಕೆ ಸೇರಿಸಿ ಕಳಿಸುತ್ತಾರೆ, ಪಡೆಯುವ ಕಡೆಯಲ್ಲಿ ಅದನ್ನು ತೆಗೆಯುತ್ತಾರೆ. ಇಷ್ಟು ಸಣ್ಣ ಸಂಗತಿಯನ್ನೂ ನಾಲ್ಕು ದಶಕಗಳ ಹಿಂದೆಯೇ ಯೋಚಿಸಿ ಬರೆದಿಟ್ಟವರ ಬಗ್ಗೆ ನನಗೆ ಗೌರವವಿದೆ.

ಕೊನೆಯ ಚುಕ್ಕೆಯ ನಂತರ ಬರುವ 250ನ್ನು ನೋಡಿ ನಮ್ಮ ಫಂಕ್ಷನ್ 1 ಎಂದು ಹಿಂತಿರುಗಿಸುತ್ತದೆ. ಆ 1ರ ಅರ್ಥ ಇಷ್ಟೇ: ನಾವು ಮಾತಾಡಿದ ಸರ್ವರ್ ಪತ್ರವನ್ನು ತೆಗೆದುಕೊಂಡಿದೆ, ಅದನ್ನು ಮುಂದೆ ಸಾಗಿಸುವ ಇಲ್ಲವೇ ಸಾಗಿಸಲಾಗದಿದ್ದರೆ ತಿಳಿಸುವ ಹೊಣೆಯನ್ನು ಹೊತ್ತಿದೆ. ಪತ್ರ ಪಾಲಕರ ಇನ್‌ಬಾಕ್ಸ್‌ಗೆ ಸೇರಿತೇ, ಸ್ಪ್ಯಾಮ್ ಫೋಲ್ಡರ್‌ನಲ್ಲಿ ಬಿತ್ತೇ, ವಿಳಾಸವೇ ತಪ್ಪಾಗಿ ಮರಳಿ ಬರಲಿದೆಯೇ ಎಂಬುದಕ್ಕೂ ಈ ಅಂಕಿಗೂ ಸಂಬಂಧವಿಲ್ಲ. ಇನ್ನೂ ಒಂದು ಸೂಕ್ಷ್ಮವಿದೆ. ಪಟ್ಟಿಯಲ್ಲಿ ಇಬ್ಬರ ವಿಳಾಸವಿದ್ದು, ಸರ್ವರ್ ಒಬ್ಬರನ್ನು ಒಪ್ಪಿ ಇನ್ನೊಬ್ಬರನ್ನು ನಿರಾಕರಿಸಿದರೆ ಪೈಥಾನ್‌ನ ಲೈಬ್ರರಿ ದೋಷವನ್ನು ಎಸೆಯುವುದಿಲ್ಲ, ನಿರಾಕರಿಸಿದವರ ಪಟ್ಟಿಯನ್ನು ಸುಮ್ಮನೆ ಹಿಂತಿರುಗಿಸುತ್ತದೆ. ಜಾಂಗೋ ಆ ಪಟ್ಟಿಯನ್ನು ನೋಡದೆ 1 ಎಂದೇ ಹೇಳುತ್ತದೆ. ಎಲ್ಲರನ್ನೂ ನಿರಾಕರಿಸಿದಾಗ ಮಾತ್ರ ದೋಷ ಮೇಲೆ ಬರುತ್ತದೆ. ಆದ್ದರಿಂದ ಬೇರೆ ಬೇರೆ ಜನರಿಗೆ ಹೋಗಬೇಕಾದ ಮಾತನ್ನು ಬೇರೆ ಬೇರೆ ಸಂದೇಶಗಳಾಗಿಯೇ ಕಳಿಸುವುದು ಕ್ಷೇಮ.

ಈಗ 41ರ ವಿಷಯಕ್ಕೆ ಬರುತ್ತೇನೆ. ನೋಂದಣಿ ತೆರೆದದ್ದು ಮಾರ್ಚ್ ತಿಂಗಳ ಒಂದು ಶನಿವಾರ ಬೆಳಗ್ಗೆ ಹತ್ತು ಗಂಟೆಗೆ. ತರಗತಿಗೆ ಇಪ್ಪತ್ತೈದೇ ಜಾಗವೆಂದು ಗೊತ್ತಿದ್ದ ತಂದೆತಾಯಿಯರು ಹತ್ತಕ್ಕೆ ಸರಿಯಾಗಿ ಫಾರಂ ತುಂಬಿ ಗುಂಡಿ ಒತ್ತಿದರು. ನನ್ನ ಕೋಡ್ ಪ್ರತಿ ನೋಂದಣಿಗೆ ಮೊದಲು ಡೇಟಾಬೇಸ್‌ನಲ್ಲಿ ಸಾಲು ಬರೆದು, ಆಮೇಲೆ ಪಾಲಕರಿಗೊಂದು ಇಮೇಲ್, ಶಿಕ್ಷಕರಿಗೊಂದು ಇಮೇಲ್ ಕಳಿಸಿ, ಕೊನೆಗೆ ‘ಧನ್ಯವಾದ’ ಪುಟ ತೋರಿಸುತ್ತಿತ್ತು. ಇಡೀ ಕೋರಿಕೆಯನ್ನು ಒಂದೇ ಟ್ರಾನ್ಸಾಕ್ಷನ್ (ಪೂರ್ತಿ ಉಳಿಯುವ ಇಲ್ಲವೇ ಪೂರ್ತಿ ರದ್ದಾಗುವ ಕಟ್ಟು) ಎಂದು ಹಿಡಿಯುವ ಸೆಟ್ಟಿಂಗ್ ಅನ್ನು ನಾನು ಹಾಕಿದ್ದೆ, ಅಂದರೆ ಪುಟ ಪೂರ್ತಿ ಸಿದ್ಧವಾಗುವವರೆಗೆ ಡೇಟಾಬೇಸ್‌ಗೆ ಬರೆದದ್ದು ಗಟ್ಟಿಯಾಗುವುದಿಲ್ಲ. ಒಂದೇ ಹೊತ್ತಿಗೆ ಹಲವು ಸಂಪರ್ಕಗಳು ಬಂದಾಗ ಮೇಲ್ ಸರ್ವರ್ ಉತ್ತರ ಕೊಡುವುದನ್ನು ನಿಧಾನಿಸಿತು. 41ರ ಪಾಲಕರಿಗೆ ಹೋಗಬೇಕಾದ ಇಮೇಲ್ ಹೋಯಿತು. ಶಿಕ್ಷಕರಿಗೆ ಹೋಗಬೇಕಾದದ್ದು ಸರ್ವರ್‌ನ ಉತ್ತರಕ್ಕಾಗಿ ಕಾಯುತ್ತಾ ನಿಂತಿತು.

ಎಷ್ಟು ಹೊತ್ತು ಕಾಯಬೇಕು ಎಂದು ನಾನು ಹೇಳಿರಲಿಲ್ಲ. ಜಾಂಗೋದಲ್ಲಿ ‘ಇಮೇಲ್ ಟೈಮ್‌ಔಟ್’ ಎಂಬ ಸೆಟ್ಟಿಂಗ್‌ಗೆ ನಾವಾಗಿ ಬೆಲೆ ಕೊಡದಿದ್ದರೆ ಅದಕ್ಕೆ ಮಿತಿಯೇ ಇಲ್ಲ, ಸಂಪರ್ಕ ತಾನಾಗಿ ಕಡಿದುಹೋಗುವವರೆಗೆ ಕಾಯುತ್ತಲೇ ಇರುತ್ತದೆ. ಆದರೆ ಅಪ್ಲಿಕೇಶನ್ ಓಡಿಸುತ್ತಿದ್ದ ಗನಿಕಾರ್ನ್ ಎಂಬ ಸರ್ವರ್ ಪ್ರೋಗ್ರಾಂಗೆ ಅದರದೇ ಮಿತಿ ಇದೆ. ನಾವು ಬದಲಿಸದಿದ್ದರೆ 30 ಸೆಕೆಂಡು ಸುಮ್ಮನಿದ್ದ ವರ್ಕರ್ ಅನ್ನು (ಕೋರಿಕೆಗಳನ್ನು ನಿಭಾಯಿಸುವ ಪ್ರಕ್ರಿಯೆಯನ್ನು) ಅದು ಕೊಂದು ಹೊಸದನ್ನು ಎಬ್ಬಿಸುತ್ತದೆ. ವರ್ಕರ್ ಸತ್ತಿತು, ಡೇಟಾಬೇಸ್ ಸಂಪರ್ಕ ಕಡಿಯಿತು, ಟ್ರಾನ್ಸಾಕ್ಷನ್ ಹಿಂದಕ್ಕೆ ಸರಿಯಿತು, ಮಗುವಿನ ಹೆಸರು ಅಳಿಯಿತು. ನಮ್ಮ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ನಲ್ಲಿ ಕ್ರಮಸಂಖ್ಯೆಯ ಎಣಿಕೆ ಮಾತ್ರ ಟ್ರಾನ್ಸಾಕ್ಷನ್ ಜೊತೆ ಹಿಂದಕ್ಕೆ ಹೋಗುವುದಿಲ್ಲವಾದ್ದರಿಂದ ಮುಂದಿನ ಮಗುವಿಗೆ 42 ಸಿಕ್ಕಿತು, 41ರ ಜಾಗ ಖಾಲಿ ಉಳಿಯಿತು. ಬ್ರೌಸರ್‌ನಲ್ಲಿ 502 ದೋಷದ ಪುಟ ಕಂಡ ಆ ತಂದೆ ಇನ್ನೊಮ್ಮೆ ಪ್ರಯತ್ನಿಸಬೇಕೆಂದಿದ್ದಾಗ ಫೋನ್‌ಗೆ ‘ಖಚಿತವಾಗಿದೆ’ ಎಂಬ ಇಮೇಲ್ ಬಂತು. ಅವರು ಅದನ್ನು ನಂಬಿದರು. ನಂಬಲೇಬೇಕಾದ ಮಾತನ್ನೇ ನಾವು ಕಳಿಸಿದ್ದೆವು.

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎನ್ನುತ್ತಾರೆ. ಡೇಟಾಬೇಸ್‌ನಲ್ಲಿ ಬರೆದದ್ದನ್ನು ಹಿಂತೆಗೆಯಬಹುದು, ಕಳಿಸಿದ ಇಮೇಲ್ ಅನ್ನು ಹಿಂತೆಗೆಯಲಾಗದು. ಆದ್ದರಿಂದ ಹಿಂತೆಗೆಯಬಹುದಾದ ಕೆಲಸವೆಲ್ಲ ಗಟ್ಟಿಯಾಗಿ ಮುಗಿದ ಮೇಲೆಯೇ ಹಿಂತೆಗೆಯಲಾಗದ ಕೆಲಸ ಶುರುವಾಗಬೇಕು. ಜಾಂಗೋದಲ್ಲಿ 1.9ನೆಯ ಆವೃತ್ತಿಯಿಂದಲೂ ಇದಕ್ಕಾಗಿ ‘ಆನ್ ಕಮಿಟ್’ ಎಂಬ ಸೌಲಭ್ಯವಿದೆ. ಅದಕ್ಕೆ ಒಪ್ಪಿಸಿದ ಫಂಕ್ಷನ್, ಟ್ರಾನ್ಸಾಕ್ಷನ್ ಯಶಸ್ವಿಯಾಗಿ ಮುಗಿದರೆ ಮಾತ್ರ ನಡೆಯುತ್ತದೆ, ಟ್ರಾನ್ಸಾಕ್ಷನ್ ಹಿಂದಕ್ಕೆ ಸರಿದರೆ ನಡೆಯುವುದೇ ಇಲ್ಲ. ಸೆಂಡ್ ಮೇಲ್ ಅನ್ನು ಇದರೊಳಗೆ ಇಟ್ಟು, ಟೈಮ್‌ಔಟ್‌ಗೆ 10 ಸೆಕೆಂಡು ಕೊಟ್ಟಿದ್ದರೆ ತಾತ ಅಂದು ಬರಿಗೈಯಲ್ಲಿ ನಿಲ್ಲಬೇಕಾಗಿರಲಿಲ್ಲ.

ಆದರೂ ನಾನು ಅಷ್ಟಕ್ಕೇ ನಿಲ್ಲಲಿಲ್ಲ. ಆನ್ ಕಮಿಟ್‌ನಲ್ಲೂ ಒಂದು ಸಂದು ಉಳಿಯುತ್ತದೆ: ಟ್ರಾನ್ಸಾಕ್ಷನ್ ಮುಗಿದು ಇಮೇಲ್ ಹೋಗುವ ಮೊದಲು ಪ್ರೋಗ್ರಾಂ ನಿಂತುಹೋದರೆ ನೋಂದಣಿ ಇರುತ್ತದೆ, ಇಮೇಲ್ ಇರುವುದಿಲ್ಲ, ಹಾಗೊಂದು ಇಮೇಲ್ ಹೋಗಬೇಕಾಗಿತ್ತು ಎಂಬ ನೆನಪೂ ಎಲ್ಲಿಯೂ ಉಳಿಯುವುದಿಲ್ಲ. ಹಾಗಾಗಿ ಈಗ ನಮ್ಮ ಅಪ್ಲಿಕೇಶನ್‌ನಲ್ಲಿ ವೆಬ್ ಪುಟದ ಕೋಡ್ ಇಮೇಲ್ ಕಳಿಸುವುದೇ ಇಲ್ಲ. ‘ಕಳಿಸಬೇಕಾದದ್ದು’ ಎಂಬ ಟೇಬಲ್‌ನಲ್ಲಿ, ನೋಂದಣಿಯ ಸಾಲು ಬರೆಯುವ ಅದೇ ಟ್ರಾನ್ಸಾಕ್ಷನ್‌ನೊಳಗೆ, ಒಂದು ಸಾಲು ಬರೆಯುತ್ತದೆ: ಯಾರಿಗೆ, ಯಾವ ಟೆಂಪ್ಲೇಟ್ (ಪತ್ರದ ಸಿದ್ಧ ಮಾದರಿ), ಯಾವ ನೋಂದಣಿ, ಎಷ್ಟು ಸಲ ಪ್ರಯತ್ನಿಸಿದೆ, ಕೊನೆಯ ಉತ್ತರವೇನು. ನಿಮಿಷಕ್ಕೊಮ್ಮೆ ಕ್ರಾನ್ ಎಬ್ಬಿಸುವ ಬೇರೊಂದು ಪ್ರೋಗ್ರಾಂ ಆ ಟೇಬಲ್ ನೋಡಿ, ಒಂದೇ ಸಂಪರ್ಕ ತೆರೆದು, ಬಾಕಿ ಇರುವುದನ್ನೆಲ್ಲ ಕಳಿಸಿ, ಕಳಿಸಿದ್ದಕ್ಕೆ ಗುರುತು ಹಾಕುತ್ತದೆ. ಸೆಲರಿಯಂಥ ದೊಡ್ಡ ಸರದಿ ವ್ಯವಸ್ಥೆ ನಮ್ಮ ಅಳತೆಗೆ ಬೇಕಿರಲಿಲ್ಲ. ರೇಲ್ಸ್‌ನಲ್ಲಿ 2014ರ 4.2ನೆಯ ಆವೃತ್ತಿಯಿಂದ ‘ಡೆಲಿವರ್ ಲೇಟರ್’ ಇದೆ, ಲಾರವೆಲ್‌ನಲ್ಲಿ ‘ಸೆಂಡ್’ ಬದಲು ‘ಕ್ಯೂ’ ಎಂದರೆ ಸಾಕು. ಹೆಸರು ಯಾವುದಾದರೂ ಇರಲಿ, ಪಾಲಕರು ಪುಟದ ಮುಂದೆ ಕಾಯುತ್ತಿರುವಾಗ ಇನ್ನೊಂದು ಸರ್ವರ್‌ನ ಬಾಗಿಲಲ್ಲಿ ನಾವು ಕಾಯಬಾರದು.

ಹೀಗೆ ಮಾಡಿದಾಗ ಅಪರೂಪಕ್ಕೊಮ್ಮೆ ಒಂದೇ ಇಮೇಲ್ ಎರಡು ಸಲ ಹೋಗುವ ಸಾಧ್ಯತೆ ಇದೆ, ಏಕೆಂದರೆ ಕಳಿಸಿದ ಮೇಲೆ ಗುರುತು ಹಾಕುವ ಮುನ್ನ ಪ್ರೋಗ್ರಾಂ ನಿಲ್ಲಬಹುದು. ಗುರುತು ಮೊದಲು ಹಾಕಿ ಆಮೇಲೆ ಕಳಿಸಿದರೆ ಹೋಗದೇ ಉಳಿಯುವ ಸಾಧ್ಯತೆ ಬರುತ್ತದೆ. ಎರಡರಲ್ಲಿ ಒಂದನ್ನು ಆರಿಸಲೇಬೇಕು. ಖಚಿತಪಡಿಸುವ ಪತ್ರದ ವಿಷಯದಲ್ಲಿ ಎರಡು ಸಲ ಬಂದರೆ ಯಾರಿಗೂ ನಷ್ಟವಿಲ್ಲ ಎಂದು ನಾನು ಮೊದಲನೆಯದನ್ನು ಆರಿಸಿದೆ.

ಮರುಪ್ರಯತ್ನದಲ್ಲಿಯೂ ವಿವೇಕ ಬೇಕು. ಸರ್ವರ್‌ನ ಉತ್ತರ 4ರಿಂದ ಶುರುವಾದರೆ ತೊಡಕು ತಾತ್ಕಾಲಿಕ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಬಹುದು. 5ರಿಂದ ಶುರುವಾದರೆ ಅದು ಖಡಾಖಂಡಿತ ನಿರಾಕರಣೆ, 550 ಎಂದರೆ ಸಾಮಾನ್ಯವಾಗಿ ಅಂಥ ಅಂಚೆಪೆಟ್ಟಿಗೆಯೇ ಇಲ್ಲ ಎಂದು ಅರ್ಥ, ಮತ್ತೆ ಮತ್ತೆ ಬಾಗಿಲು ತಟ್ಟಿದರೆ ನಮ್ಮ ಹೆಸರೇ ಕೆಡುತ್ತದೆ. ಇಲ್ಲಿ ಸೆಂಡ್ ಮೇಲ್‌ನ ‘ಫೇಲ್ ಸೈಲೆಂಟ್ಲಿ’ ಎಂಬ ಆಯ್ಕೆಯ ಬಗ್ಗೆ ಒಂದು ಮಾತು ಹೇಳಬೇಕು. ಅದನ್ನು ನಿಜ ಎಂದು ಇಟ್ಟರೆ ಕಳಿಸುವಾಗಿನ ಎಸ್‌ಎಂಟಿಪಿ ದೋಷಗಳನ್ನು ಫಂಕ್ಷನ್ ನುಂಗಿಕೊಂಡು ಸುಮ್ಮನಾಗುತ್ತದೆ. ನೋಂದಣಿ, ಪಾಸ್‌ವರ್ಡ್, ಹಣ, ಆರೋಗ್ಯ, ಇವುಗಳ ಹತ್ತಿರ ಎಲ್ಲಿಯೂ ಅದನ್ನು ಬಳಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಹಾಯಕ ಫಂಕ್ಷನ್‌ಗಳು ಮುಚ್ಚಿಡುವುದರ ಬಗ್ಗೆ ಇಷ್ಟು ಹೇಳಿದ ಮೇಲೆ ಅವು ಕನ್ನಡಕ್ಕೆ ಮಾಡುವ ಉಪಕಾರವನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ನಮ್ಮ ಇಮೇಲ್‌ನ ವಿಷಯದ ಸಾಲು ‘ನೋಂದಣಿ ಖಚಿತವಾಗಿದೆ’. ಯೂನಿಕೋಡ್ ಲೆಕ್ಕದಲ್ಲಿ ಇದರಲ್ಲಿ ಕನ್ನಡದ 16 ಸಂಕೇತಗಳೂ ನಡುವೆ ಒಂದು ಖಾಲಿ ಜಾಗವೂ ಇವೆ. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು, ಹಾಗಾಗಿ ಒಟ್ಟು 49 ಬೈಟ್. ಇಮೇಲ್‌ನ ಹೆಡರ್‌ಗಳು (ವಿಷಯ, ವಿಳಾಸಗಳಿರುವ ಮೇಲಿನ ಸಾಲುಗಳು) ಇಂಗ್ಲಿಷ್ ಅಕ್ಷರಗಳಿಗಷ್ಟೇ ಜಾಗವಿದ್ದ ಕಾಲದಲ್ಲಿ ಹುಟ್ಟಿದವು, ಕನ್ನಡವನ್ನು ಅವುಗಳೊಳಗೆ ಸಾಗಿಸಬೇಕಾದರೆ, ಬೈಟ್‌ಗಳನ್ನು ಸರಳ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಾಗಿ ಬರೆಯುವ ಬೇಸ್64ರಂಥ ವೇಷ ತೊಡಿಸಬೇಕು. ಆ ವೇಷದಲ್ಲಿ 49 ಬೈಟ್‌ಗಳು 68 ಅಕ್ಷರಗಳಾಗುತ್ತವೆ, ‘ಇದು ಯುಟಿಎಫ್-8, ಇದು ಬೇಸ್64’ ಎಂದು ತಿಳಿಸುವ ಹಿಂದುಮುಂದಿನ ಗುರುತುಗಳ 12 ಅಕ್ಷರ ಸೇರಿದರೆ 80. ಆದರೆ ಆರ್‌ಎಫ್‌ಸಿ 2047ರ ನಿಯಮದಂತೆ ಇಂಥ ಒಂದು ತುಂಡು 75 ಅಕ್ಷರ ಮೀರುವಂತಿಲ್ಲ. ಎರಡು ತುಂಡು ಮಾಡಲೇಬೇಕು, ಅದೂ ಒಂದು ಸಂಕೇತದ 3 ಬೈಟ್‌ಗಳ ಮಧ್ಯೆ ಕತ್ತರಿ ಬೀಳದಂತೆ. ಎರಡೇ ಪದಗಳ ಕನ್ನಡ ಶೀರ್ಷಿಕೆಯ ಹಿಂದೆ ಇಷ್ಟು ಲೆಕ್ಕವಿದೆ, ಸೆಂಡ್ ಮೇಲ್ ಅದನ್ನೆಲ್ಲ ನಮ್ಮ ಪರವಾಗಿ ಮಾಡುತ್ತದೆ. ಹಿಂದೆ ಪಿಎಚ್‌ಪಿಯ ಬರಿಯ ಮೇಲ್ ಫಂಕ್ಷನ್‌ಗೆ ಕನ್ನಡ ವಿಷಯವನ್ನು ಇದ್ದಂತೆಯೇ ಕೊಟ್ಟು, ಪಡೆದವರ ಪರದೆಯಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ನೋಡಿದ್ದ ನನಗೆ ಇದರ ಬೆಲೆ ಗೊತ್ತು.

ಒಕ್ಕಣೆಯಲ್ಲಿಯೂ ಇಂಥದೇ ಒಂದು ಸಂಗತಿ ಇದೆ. ಇಮೇಲ್‌ನ ಒಂದು ಸಾಲು 998 ಅಕ್ಷರ ಮೀರಬಾರದು ಎಂಬ ನಿಯಮವನ್ನು ಬೈಟ್‌ಗಳಲ್ಲಿ ಎಣಿಸಿದಾಗ, ಸಾಲು ಮುರಿಯದೆ ಬರೆದ ಕನ್ನಡ ಪ್ಯಾರಾ ಸುಮಾರು 330 ಸಂಕೇತಗಳಿಗೇ ಆ ಮಿತಿ ಮುಟ್ಟುತ್ತದೆ. ಆಗ ಜಾಂಗೋ ತಾನಾಗಿ ಬೇರೆ ಸಂಕೇತ ಪದ್ಧತಿಗೆ ಬದಲಾಯಿಸಿಕೊಳ್ಳುತ್ತದೆ.

ಟೆಂಪ್ಲೇಟ್‌ಗಳ ವಿಷಯದಲ್ಲಿ ಮಾತ್ರ ಅದು ನಮ್ಮನ್ನು ಕಾಯುವುದಿಲ್ಲ. ತರಗತಿಯೊಂದರ ಹೆಸರನ್ನು ಸಂಸ್ಥೆಯವರು ‘ಕತೆ & ಹಾಡು’ ಎಂದು ದಾಖಲಿಸಿದ್ದರು. ವೆಬ್ ಪುಟದಲ್ಲಿ ಅದು ಸರಿಯಾಗಿಯೇ ಕಂಡಿತು, ಇಮೇಲ್‌ನ ಸರಳ ಪಠ್ಯದಲ್ಲಿ ಮಾತ್ರ ಆ ಚಿಹ್ನೆಯ ಜಾಗದಲ್ಲಿ ಎಚ್‌ಟಿಎಂಎಲ್‌ನ ಐದಕ್ಷರದ ಸಂಕೇತ ಬಂದು ಕುಳಿತಿತು. ಜಾಂಗೋದ ಟೆಂಪ್ಲೇಟ್ ವ್ಯವಸ್ಥೆ ಕಡತದ ಹೆಸರಿನ ಕೊನೆ ಏನೇ ಇರಲಿ, ಎಲ್ಲವನ್ನೂ ಎಚ್‌ಟಿಎಂಎಲ್ ಎಂದೇ ಭಾವಿಸಿ ಚಿಹ್ನೆಗಳನ್ನು ಬದಲಿಸುತ್ತದೆ, ಸರಳ ಪಠ್ಯದ ಟೆಂಪ್ಲೇಟ್‌ನಲ್ಲಿ ‘ಆಟೋಎಸ್ಕೇಪ್’ ಅನ್ನು ನಾವೇ ನಿಲ್ಲಿಸಬೇಕು. ವಿಷಯದ ಸಾಲನ್ನೂ ಟೆಂಪ್ಲೇಟ್‌ನಿಂದ ತಂದರೆ ಅದರ ಕೊನೆಯಲ್ಲಿ ಅಡಗಿರುವ ಹೊಸಸಾಲಿನ ಗುರುತನ್ನು ಕತ್ತರಿಸಿ ಕೊಡಬೇಕು, ಇಲ್ಲದಿದ್ದರೆ ‘ಬ್ಯಾಡ್ ಹೆಡರ್’ ಎಂಬ ದೋಷ ಬರುತ್ತದೆ. ಆ ದೋಷ ನಮ್ಮ ರಕ್ಷಣೆಗಾಗಿಯೇ ಇದೆ. ಹೆಡರ್‌ನೊಳಗೆ ಹೊಸಸಾಲು ತೂರಿಸಲು ಬಿಟ್ಟರೆ, ಸಂಪರ್ಕ ಫಾರಂನ ವಿಷಯದ ಖಾನೆಯಲ್ಲಿ ಯಾರಾದರೂ ಒಂದು ಹೊಸಸಾಲು ಹಾಕಿ, ಅದರ ಮುಂದೆ ತಮಗೆ ಬೇಕಾದ ವಿಳಾಸಗಳನ್ನು ಬರೆದು, ನಮ್ಮ ಸರ್ವರ್‌ನಿಂದ ಊರಿಗೆಲ್ಲ ಸ್ಪ್ಯಾಮ್ ಹಂಚಬಹುದು.

ಸಂಪರ್ಕ ಫಾರಂ ಎಂದಾಗ ನೆನಪಾಗುತ್ತದೆ. ಪಾಲಕರು ಫಾರಂ ಮೂಲಕ ಪ್ರಶ್ನೆ ಕೇಳಿದಾಗ ಆ ಇಮೇಲ್ ಅವರ ವಿಳಾಸದಿಂದಲೇ ಬಂದಂತೆ ಕಾಣಲಿ, ಮೇಡಂ ಉತ್ತರಿಸುವುದು ಸುಲಭವಾಗಲಿ ಎಂದು ಕಳಿಸುವವರ ಜಾಗದಲ್ಲಿ ಪಾಲಕರ ವಿಳಾಸವನ್ನೇ ಇಡುವ ಅಭ್ಯಾಸ ಬಹಳ ಕಡೆ ಇದೆ, ನಾನೂ ಮೊದಲು ಹಾಗೆಯೇ ಮಾಡಿದ್ದೆ. ಅದು ಇನ್ನೊಬ್ಬರ ಹೆಸರಿನಲ್ಲಿ ಸಹಿ ಹಾಕಿದಂತೆ. ಒಂದು ಡೊಮೈನ್‌ನ ಪರವಾಗಿ ಯಾವ ಸರ್ವರ್‌ಗಳು ಕಳಿಸಬಹುದು ಎಂದು ಎಸ್‌ಪಿಎಫ್ ಹೇಳುತ್ತದೆ, ಪತ್ರ ಆ ಡೊಮೈನ್‌ನದೇ ಎಂಬುದಕ್ಕೆ ಡಿಕೆಐಎಂ ಗೂಢಲಿಪಿಯ ಸಹಿ ಹಾಕುತ್ತದೆ, ಇವೆರಡೂ ತಪ್ಪಿದಾಗ ಏನು ಮಾಡಬೇಕು ಎಂದು ಡಿಮಾರ್ಕ್ ತಿಳಿಸುತ್ತದೆ. ಯಾಹೂ 2014ರ ಏಪ್ರಿಲ್‌ನಲ್ಲಿಯೇ ತನ್ನ ಡೊಮೈನ್‌ಗೆ ‘ತಿರಸ್ಕರಿಸಿ’ ಎಂಬ ಡಿಮಾರ್ಕ್ ನೀತಿ ಹಾಕಿತು, ಅಂದಿನಿಂದ ಯಾಹೂ ವಿಳಾಸವನ್ನು ಹೊತ್ತು ನಮ್ಮ ಸರ್ವರ್‌ನಿಂದ ಹೊರಡುವ ಪತ್ರ ಬಹುತೇಕ ತಲುಪುವುದೇ ಇಲ್ಲ. ಸರಿಯಾದ ದಾರಿ ಎಂದರೆ ಕಳಿಸುವವರ ಜಾಗದಲ್ಲಿ ನಮ್ಮದೇ ಡೊಮೈನ್‌ನ ವಿಳಾಸ ಇಟ್ಟು, ಪಾಲಕರ ವಿಳಾಸವನ್ನು ‘ರಿಪ್ಲೈ ಟು’ ಹೆಡರ್‌ನಲ್ಲಿ ಕೊಡುವುದು. ಸೆಂಡ್ ಮೇಲ್‌ನಲ್ಲಿ ಅದಕ್ಕೆ ಜಾಗವಿಲ್ಲ, ‘ಇಮೇಲ್ ಮೆಸೇಜ್’ ಎಂಬ ಕ್ಲಾಸ್ ಬಳಸಬೇಕು. ದಿನಕ್ಕೆ 5,000ಕ್ಕಿಂತ ಹೆಚ್ಚು ಇಮೇಲ್‌ಗಳನ್ನು ಜಿಮೇಲ್ ಖಾತೆಗಳಿಗೆ ಕಳಿಸುವವರಿಗೆ ಗೂಗಲ್ 2024ರ ಫೆಬ್ರವರಿಯಿಂದ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಈ ಮೂರನ್ನೂ ಕಡ್ಡಾಯ ಮಾಡಿದೆ. ನಮ್ಮ ಶಿಬಿರ ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲವಾದರೂ ಮೂರನ್ನೂ ಹಾಕಿದ್ದೇನೆ, ಏಕೆಂದರೆ ಸಣ್ಣವರ ಪತ್ರಕ್ಕೂ ಗುರುತಿನ ಪತ್ರ ಬೇಕೇ ಬೇಕು.

ಪಡೆಯುವವರ ಪಟ್ಟಿಯ ಬಗ್ಗೆ ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಸೆಂಡ್ ಮೇಲ್‌ಗೆ ಕೊಟ್ಟ ಪಟ್ಟಿಯಲ್ಲಿ ಐವತ್ತು ವಿಳಾಸಗಳಿದ್ದರೆ ಐವತ್ತೂ ‘ಟು’ ಸಾಲಿನಲ್ಲಿ ಕಾಣಿಸುತ್ತವೆ, ಪ್ರತಿ ಮನೆಯವರಿಗೂ ಉಳಿದೆಲ್ಲ ಮನೆಯವರ ವಿಳಾಸ ಗೊತ್ತಾಗುತ್ತದೆ. ಮಕ್ಕಳ ಶಿಬಿರವೊಂದರಲ್ಲಿ ಇದು ಸಣ್ಣ ತಪ್ಪೆಂದು ನಾನು ಎಣಿಸಲಾರೆ. ಹಲವರಿಗೆ ಒಂದೇ ಮಾತು ಹೇಳಬೇಕಾದಾಗ ‘ಸೆಂಡ್ ಮಾಸ್ ಮೇಲ್’ ಎಂಬ ಇನ್ನೊಂದು ಫಂಕ್ಷನ್ ಇದೆ. ಪ್ರತಿಯೊಬ್ಬರಿಗೂ ಬೇರೆ ಸಂದೇಶ ಜೋಡಿಸಿಕೊಟ್ಟರೆ ಅದು ಒಂದೇ ಸಂಪರ್ಕದಲ್ಲಿ ಎಲ್ಲವನ್ನೂ ಕಳಿಸುತ್ತದೆ.

ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬರೆಯುವ ಹೊತ್ತಿನಲ್ಲಿ ‘ಕನ್ಸೋಲ್’ ಬ್ಯಾಕೆಂಡ್ ಹಾಕಿಕೊಂಡರೆ ಇಮೇಲ್ ಎಲ್ಲಿಗೂ ಹೋಗದೆ ಟರ್ಮಿನಲ್‌ನಲ್ಲಿ ಅಚ್ಚಾಗುತ್ತದೆ. ಅಲ್ಲಿ ಕನ್ನಡದ ವಿಷಯದ ಸಾಲು ಬೇಸ್64ರ ವೇಷದಲ್ಲಿಯೇ ಕಾಣುವುದನ್ನು ನೋಡಿ ಹೊಸಬರು ಏನೋ ಕೆಟ್ಟಿದೆ ಎಂದು ಗಾಬರಿಯಾಗುತ್ತಾರೆ, ಗಾಬರಿ ಬೇಡ, ಅದು ಇರಬೇಕಾದದ್ದೇ ಹಾಗೆ. ಟೆಸ್ಟ್‌ಗಳು ಓಡುವಾಗ ಜಾಂಗೋ ತಾನಾಗಿಯೇ ಇಮೇಲ್‌ಗಳನ್ನು ಮೆಮೊರಿಯಲ್ಲಿ ಕೂಡಿಡುತ್ತದೆ, ‘ಔಟ್‌ಬಾಕ್ಸ್’ ಪಟ್ಟಿಯಲ್ಲಿ ಅವುಗಳನ್ನು ತೆರೆದು ನೋಡಬಹುದು. 41ರ ನೆನಪಿಗೆ ನಾನು ಬರೆದಿಟ್ಟಿರುವ ಟೆಸ್ಟ್ ಒಂದಿದೆ: ನೋಂದಣಿಯ ಮಧ್ಯದಲ್ಲಿ ಬೇಕೆಂದೇ ದೋಷ ಎಬ್ಬಿಸಿ, ಟ್ರಾನ್ಸಾಕ್ಷನ್ ಹಿಂದಕ್ಕೆ ಸರಿದ ಮೇಲೆ ‘ಕಳಿಸಬೇಕಾದದ್ದು’ ಟೇಬಲ್ ಖಾಲಿ ಇದೆಯೇ, ಔಟ್‌ಬಾಕ್ಸ್ ಖಾಲಿ ಇದೆಯೇ ಎಂದು ಅದು ಕೇಳುತ್ತದೆ.

ಮರುವರ್ಷದ ನೋಂದಣಿಯೂ ಮಾರ್ಚ್ ತಿಂಗಳ ಶನಿವಾರವೇ ನಡೆಯಿತು. ಹತ್ತು ಗಂಟೆಗೆ ಮೇಲ್ ಸರ್ವರ್ ಮತ್ತೆ ನಿಧಾನವಾಯಿತು, ಟೇಬಲ್‌ನಲ್ಲಿ ಬಾಕಿ ಸಾಲುಗಳು ಏರಿದವು, 421 ಎಂಬ ತಾತ್ಕಾಲಿಕ ಉತ್ತರಗಳು ಬಂದವು, ಇಪ್ಪತ್ತು ನಿಮಿಷದೊಳಗೆ ಎಲ್ಲವೂ ಕರಗಿದವು. ಗುಂಡಿ ಒತ್ತಿದವರಿಗೆ ಪುಟ ಒಡನೆಯೇ ಬಂತು. ಆ ಪುಟದ ಒಕ್ಕಣೆಯನ್ನೂ ನಾವು ಬದಲಿಸಿದ್ದೆವು: ‘ನಿಮ್ಮ ನೋಂದಣಿ ದಾಖಲಾಗಿದೆ, ಇಮೇಲ್ ಬರಲು ಸ್ವಲ್ಪ ಸಮಯ ಹಿಡಿಯಬಹುದು, ನಾಳೆಯ ಹೊತ್ತಿಗೂ ಬಾರದಿದ್ದರೆ ಕಚೇರಿಗೆ ಫೋನ್ ಮಾಡಿ’. ಮಧ್ಯಾಹ್ನದ ಹೊತ್ತಿಗೆ ನಮ್ಮ ವಿಳಾಸಕ್ಕೆ ಎರಡು ಪತ್ರಗಳು ಮರಳಿ ಬಂದವು, ಎರಡರಲ್ಲೂ ವಿಳಾಸದ ಕೊನೆಯಲ್ಲಿ ಒಂದೊಂದು ಅಕ್ಷರ ತಪ್ಪಿತ್ತು. ಮೇಡಂ ಆ ಎರಡು ನೋಂದಣಿಗಳನ್ನು ತೆರೆದು, ಫೋನ್ ನಂಬರ್ ನೋಡಿ, ಇಬ್ಬರಿಗೂ ಕರೆ ಮಾಡಿದರು. “ನಿಮ್ಮ ಮಗು ಹೆಸರು ನಮ್ಮ ಪಟ್ಟೀಲಿದೆ, ಮೇಲ್ ಮಾತ್ರ ವಾಪಸ್ ಬಂದಿದೆ, ವಿಳಾಸ ಇನ್ನೊಂದ್ಸಲ ಹೇಳ್ತೀರಾ?” ಎಂದು ಅವರು ಕೇಳುತ್ತಿದ್ದಾಗ ನಾನು ಪಕ್ಕದ ಮೇಜಿನಲ್ಲಿ ಕುಳಿತು, ಸರಿಪಡಿಸಿದ ವಿಳಾಸಕ್ಕೆ ಮತ್ತೆ ಕಳಿಸುವ ಗುಂಡಿಯನ್ನು ಆಡಳಿತ ಪುಟಕ್ಕೆ ಸೇರಿಸುತ್ತಿದ್ದೆ.